ಟೀವಿ ಮೇಜಿನ ಮೇಲಿನ ಎಡೆ

ಚಿಕ್ಕನಂಜಮ್ಮನ ಸೊಂಟದ ಕೀಲು ತಪ್ಪಿ ಹಿರಿಯರ ಹಬ್ಬದ ದಿನಕ್ಕೆ ಸರಿಯಾಗಿ ಮೂರು ವಾರ. ಕುರಿಗಳಿಗೆ ಮೇವಿನ ಹೊರೆ ಕಟ್ಟಿಕೊಂಡು ಟೀವಿಎಸ್ ಓಡಿಸಿಕೊಂಡು ಬರುತ್ತಿದ್ದಾಗ, ಕಿರುಗಾವಲು ರಸ್ತೆಯಲ್ಲಿ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ಗಕ್ಕನೆ ನಿಂತಿತ್ತು. ಏಟು ಬಿದ್ದದ್ದು ಮಂಡಿಗೆ, ಕಳಚಿದ್ದು ಸೊಂಟ. ಮಂಡ್ಯದ ಆಸ್ಪತ್ರೆಯಲ್ಲಿ ಮತ್ತಿನ ಮದ್ದು ಕೊಟ್ಟು ಮೂಳೆಯನ್ನು ಗೂಡಿಗೆ ಕೂರಿಸಿದರು.

"ಮೂಳೆ ಕೂತಿದೆ, ಅದನ್ನ ಹಿಡಿದಿಡೋ ನಾರು ಇನ್ನೂ ಕೂಡಿಲ್ಲ," ಅಂದಿದ್ದರು ಡಾಕ್ಟರಮ್ಮ. "ಆರು ವಾರ ನೆಲದ ಮೇಲೆ ಕೂರಬೇಡಿ. ಕುಕ್ಕರಗಾಲು ಬೇಡ, ಬಗ್ಗೋದು ಬೇಡ, ಕಾಲ ಮೇಲೆ ಕಾಲು ಬೇಡ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಮತ್ತೆ ಕಳಚಿದರೆ ಆಪರೇಷನ್ನೇ."

ಹದಿನೆಂಟು ಬಂಡೂರು ಕುರಿಗಳ ಹಿಂದೆ ನಡೆಯುವವಳಿಗೆ ಅಷ್ಟು ಎಚ್ಚರಿಕೆ ಸಾಕಾಗಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರೊಳಗೊಂದು ಇಟ್ಟು ಎತ್ತರ ಮಾಡಿಕೊಂಡಳು. ತೊಡೆಗಳ ನಡುವೆ ದಿಂಬಿಟ್ಟುಕೊಂಡು ಮಲಗಿದಳು, ಆಸ್ಪತ್ರೆಯವರು ಕೊಟ್ಟ ವಾಕರು ಹಿಡಿದೇ ಓಡಾಡಿದಳು. ಎಣ್ಣೆ ನೀವಿ ಕಾಲು ಎಳೆಸೋಣ ಅಂತ ಬಂದ ನೆಂಟರಿಗೆ ಕಾಫಿ ಕೊಡಿಸಿ, "ಎಳೆಯೋದಾದ್ರೆ ತೆಂಗಿನ ಗರಿ ಎಳೀರಿ, ಇತ್ಲಲ್ಲಿ ಬಿದ್ದವೆ" ಅಂದಳು.

ಹಬ್ಬದ ದಿನ ಮಾತ್ರ ಕಷ್ಟ ಬಂತು. ಆ ಮನೆಯಲ್ಲಿ ಹಿರಿಯರಿಗೆ ಮೊದಲ ಧೂಪ ಹಿರಿಸೊಸೆಯದು. ನೆಲದ ಮೇಲೆ ಬಾಳೆಯೆಲೆ ಹಾಸಿ, ಮುದ್ದೆ, ಮಾಂಸದ ಸಾರು, ವಡೆ, ಹೊಸ ಸೀರೆ ಪಂಚೆ ಇಟ್ಟಾಗಿತ್ತು. ಪಕ್ಕದಲ್ಲಿ ಕೆಂಡದ ಬಟ್ಟಲು. ಅವಳು ಕುಕ್ಕರಗಾಲಲ್ಲಿ ಕೂತು ಕೆಂಡಕ್ಕೆ ಸಾಂಬ್ರಾಣಿ ಹಾಕಿ ಅಡ್ಡಬೀಳುವ ತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವ ಹಾಗಿಲ್ಲ.

"ಒಂದು ಗಳಿಗೆ ಕೂತು ಎದ್ದೇಳವ್ವ," ಅಂದರು ಜವರಯ್ಯ. ತೀರಿಹೋದ ಅವಳ ಮಾವನ ಅಣ್ಣ, ಎಂಬತ್ತರ ಯಜಮಾನರು. "ಇರೀಕರ ಮುಂದೆ ಬಗ್ಗುದ್ರೆ ಕೆಡುಕಾಗಕಿಲ್ಲ."

"ಆಗ್ತದೆ ದೊಡ್ಮಾವ. ಡಾಕ್ಟ್ರು ಬ್ಯಾಡ ಅಂತ ಏಳವ್ರೆ."

"ಅಂಗಾರೆ ರೂಪ ಹಾಕ್ಲಿ ಬುಡು."

ವಾರಗಿತ್ತಿ ರೂಪ ತಲೆ ತಗ್ಗಿಸಿದಳು. ಮೂವತ್ತು ವರ್ಷ ಹಿರಿಸೊಸೆ ಹಾಕಿದ ಧೂಪ. ಚಿಕ್ಕನಂಜಮ್ಮನಿಗೆ ಉರಿದುಹೋಯಿತು. ವಾಕರನ್ನು ಎಡೆಯ ಮುಂದಕ್ಕೆ ಒತ್ತಿದಳು. ಒಂದು ಗಳಿಗೆ ತಾನೇ, ಅಂದುಕೊಂಡು ಮಂಡಿ ಮಡಿಸಿದಳು. ತೊಡೆಯ ಸಂದಿನಲ್ಲಿ ಏನೋ ಸೆಳೆಯಿತು. ರಸ್ತೆಯಲ್ಲಿ ಬಿದ್ದಾಗ ಒಳಗಿಂದ ಕೇಳಿದ ಲೊಟಕ್ ಎಂಬ ಸದ್ದು ಕಿವಿಗೆ ಬಂತು. ನೆಟ್ಟಗೆ ನಿಂತುಬಿಟ್ಟಳು.

"ರೀ, ಆ ಟೀವಿ ಕೆಳಗಿಳಿಸಿ," ಅಂದಳು ಗಂಡ ಸಿದ್ದರಾಮುವಿಗೆ.

"ಯಾಕೆ?"

"ಎಡೆ ಮೇಜಿನ ಮೇಲೆ ಇಡನ. ನಾನು ನಿಂತ್ಕೊಂಡೇ ಧೂಪ ಹಾಕ್ತೀನಿ."

ಜವರಯ್ಯನ ದನಿ ಏರಿತು. "ಇಟ್ಟ ಎಡೆ ಎತ್ತಂಗಿಲ್ಲ ಕಣವ್ವ. ಯಾರ ಮನೇಲಿ ಕಂಡಿದ್ದೆ ಇದ?"

"ಧೂಪ ಬಿದ್ದಮೇಲಲ್ವಾ ದೊಡ್ಮಾವ ಎಡೆ ಆಗೋದು? ಇನ್ನೂ ಬಿದ್ದಿಲ್ಲ. ಈಗದು ಎಲೆ ಮೇಲಿರೋ ಊಟ ಅಷ್ಟೇಯ."

ಜವರಯ್ಯ ಗೋಡೆಯ ಪಟದ ಕಡೆ ಕೈ ಮಾಡಿದರು. "ನೆಲದ ಮೇಲೆ ಉಂಡು ಬಾಳಿದೋರು ಅವ್ರು," ಅಂದರು.

"ಟೀವಿಗೆ ಸಿಗೋ ಎತ್ತರ ನಮ್ಮತ್ತೆ ಮಾವಂಗೆ ಸಿಗಬಾರ್ದಾ? ನಮ್ಮತ್ತೆ ಕೊನೇ ಎರಡು ವರ್ಸ ಮಂಚದ ಮೇಲೇ ಉಂಡ್ರು, ಬಡಿಸಿದೋಳು ನಾನು. ಅವರಿಗೆ ಬ್ಯಾಸರ ಆಗಕಿಲ್ಲ. ಬ್ಯಾಸರ ಆಗೋದೆಲ್ಲ ಉಳ್ಕೊಂಡೋರ್ಗೆ."

ಸಿದ್ದರಾಮು ಟೀವಿಯ ಹತ್ತಿರ ಹೋದ. ವೈರು ಕಿತ್ತು ಟೀವಿ ಇಳಿಸಿದ. ರೂಪ ಮೇಜು ಒರೆಸಿ ಎಲೆ ಎತ್ತಿಟ್ಟಳು, ಕೆಂಡದ ಬಟ್ಟಲನ್ನೂ ಇಟ್ಟಳು. ಚಿಕ್ಕನಂಜಮ್ಮ ಒಂದು ಕೈಯಲ್ಲಿ ವಾಕರು ಹಿಡಿದು, ಇನ್ನೊಂದು ಕೈಯಲ್ಲಿ ಸಾಂಬ್ರಾಣಿ ಹಾಕಿದಳು. ಹೊಗೆ ಎದ್ದು ಅತ್ತೆ ಮಾವನ ಪಟದ ಮಟ್ಟಕ್ಕೆ ಹೋಯಿತು. ಅಡ್ಡಬೀಳಲಿಲ್ಲ, ನಿಂತೇ ಕೈ ಮುಗಿದಳು.

ಆಮೇಲೆ ಯಜಮಾನರ ಸರದಿ. ಪ್ರತಿವರ್ಷ ಜವರಯ್ಯ ಧೂಪ ಹಾಕಿದ ಮೇಲೆ ಅವರನ್ನು ನೆಲದಿಂದ ಎಬ್ಬಿಸಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ಎಬ್ಬಿಸುವಾಗ ಅವರು ಹಲ್ಲು ಕಚ್ಚುವುದನ್ನು ಮನೆಯವರೆಲ್ಲ ಕಂಡೂ ಕಾಣದ ಹಾಗೆ ಇರುತ್ತಿದ್ದರು. ಅವರು ಮೇಜನ್ನು ಒಮ್ಮೆ ನೋಡಿದರು, ನೆಲವನ್ನು ಒಮ್ಮೆ ನೋಡಿದರು. ನಿಂತುಕೊಂಡೇ ಸಾಂಬ್ರಾಣಿ ಹಾಕಿ, ಪಂಚೆ ಸರಿಮಾಡಿಕೊಂಡು ಈಚೆಗೆ ಬಂದರು. ಈ ಸಲ ಯಾರ ಕೈಯೂ ಬೇಕಾಗಲಿಲ್ಲ.

ಊಟಕ್ಕೆ ಸಾಲಾಗಿ ಎಲೆ ಬಿತ್ತು. ಚಿಕ್ಕನಂಜಮ್ಮ ತನ್ನ ಜೋಡಿ ಕುರ್ಚಿಯಲ್ಲಿ ಎಲ್ಲರಿಗಿಂತ ಎತ್ತರ ಕೂತು, ಎದೆಯ ಮಟ್ಟಕ್ಕೆ ತಟ್ಟೆ ಹಿಡಿದು ಮುದ್ದೆ ಮುರಿದಳು.

ಜವರಯ್ಯ ತಮ್ಮ ಗಿಡ್ಡ ಸ್ಟೂಲಿನಿಂದ ಕತ್ತೆತ್ತಿ ನೋಡಿದರು. "ಇನ್ನು ಎಷ್ಟು ದಿಸ ಅಂತೆ, ಈ ಬಗ್ಗದೆ ಇರೋದು?"

"ಮೂರು ವಾರ."

"ಆಮೇಲಾದ್ರೂ ಬಗ್ತೀಯಾ?"

"ಆಮೇಲೆ ನೋಡನ," ಅಂದಳು. "ಮೊದ್ಲು ಸಾರು ಬಡಿಸ್ಕಳಿ, ದೊಡ್ಮಾವ. ತಣ್ಣಗಾಯ್ತದೆ."