ಅತೀಕರ ಪಿಸ್ತೂಲಿಗೊಂದು ಸೈಟ್

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ನನ್ನ ಗಂಡ ಅತೀಕ್ ಮಾತ್ರ ಏರ್ ಪಿಸ್ತೂಲನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದರು. ಆಯುಷ್ಯವಿಡೀ ಗಡಿಯಾರ ರಿಪೇರಿ ಮಾಡಿದವರಿಗೆ ಅವಸರ ಅನ್ನುವುದೇ ಇರುವುದಿಲ್ಲವೋ ಏನೋ. ನನಗೆ ಮಾತ್ರ ಮೈಮೇಲೆ ಇರುವೆ ಬಿಟ್ಟ ಹಾಗಿತ್ತು.

ದಾವಣಗೆರೆಗೆ ಹೊರಟಿದ್ದು ಆ ಪಿಸ್ತೂಲಿಗೆ ಒಂದು ಸೈಟ್ ತರಲು, ಅಂದರೆ ಗುರಿ ಹಿಡಿಯಲು ಅದರ ಮೇಲೆ ಕೂರಿಸುತ್ತಾರಲ್ಲ, ಅದು. ಗಡಿಯಾರದವನಿಗೆ ಪಿಸ್ತೂಲು ಯಾಕೆ ಎಂದು ಕೇಳಿದವರು ನಗುತ್ತಾರೆ. ಇದು ನನ್ನ ಮಾವ ಹಯಾತ್ ಸಾಬ್ ಹಾಕಿಕೊಟ್ಟ ಪದ್ಧತಿ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಾಳಿಗೆಯ ಮೇಲೆ ನಿಂತು, ಗೋಡೆಗೆ ಅಂಟಿಸಿದ ಕಾಗದಕ್ಕೆ ಸಣ್ಣ ಸೀಸದ ಗುಂಡು ಹೊಡೆಯಬೇಕು. ಎಲ್ಲವೂ ನಡುವಿನ ಕಪ್ಪು ವೃತ್ತದೊಳಗೆ ಬಿದ್ದರೆ ಆ ದಿನ ಕೈ ನೆಟ್ಟಗಿದೆ, ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನೂ ಮುಟ್ಟಬಹುದು. ಬೀಳದಿದ್ದರೆ ಆ ದಿನ ಬರೀ ಸೆಲ್ಲು ಹಾಕುವುದು, ಬೆಲ್ಟು ಬದಲಾಯಿಸುವುದು. ಮಾವ ಹೋಗಿ ಎಷ್ಟೋ ಕಾಲವಾಯಿತು. ಮಗ ಒಂದು ದಿನವೂ ಈ ನಿಯಮ ಮುರಿದವರಲ್ಲ.

ರಂಜಾನ್ ಮುಗಿದಾಗಿನಿಂದ ಕಪ್ಪಿನೊಳಗೆ ಗುಂಡು ಬಿದ್ದಿದ್ದು ಅಪರೂಪ. ಶಿವಮೊಗ್ಗ, ಹುಬ್ಬಳ್ಳಿಯಿಂದ ನಂಬಿ ಕಳಿಸಿದ ಹಳೇ ಕೈಗಡಿಯಾರಗಳು ಡ್ರಾಯರಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿವೆ. ಚಹಾ ಕೊಟ್ಟರೆ ಅರ್ಧ ಬಸಿಗೆ ತುಳುಕಿರುತ್ತದೆ. ಡಾಕ್ಟರಿಗೆ ತೋರಿಸೋಣ ಎಂದು ನಾನು ಗಂಟಲು ಹರಿದುಕೊಂಡಿದ್ದೇ ಬಂತು.

"ಸೈಟ್ ಹಳೇದಾಗೈತೆ ನುಜತ್, ಅಬ್ಬಾನ ಕಾಲದ್ದು. ಮೊದ್ಲು ಅದನ್ನ ಬದಲಾಯಿಸ್ತೀನಿ. ಆಮ್ಯಾಲೂ ಹಿಂಗೇ ಆದ್ರೆ ನೀನು ಹೇಳಿದ ಡಾಕ್ಟ್ರ ಹತ್ರ ಬರ್ತೀನಿ," ಎಂದಿದ್ದರು.

ಸೈಟಿನದೇ ತಪ್ಪಾಗಿರಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ದುವಾ ಮಾಡಿದೆ. ಕಿಟಕಿ ತೆಗೆದೆ, ಹಾಕಿದೆ, ಸೀಟು ಬದಲಾಯಿಸಿದೆ. ಕೈ ಕೆಟ್ಟರೆ ಅವರಿಗೆ ಬೇರೆ ಯಾವ ಕೆಲಸವೂ ಬಾರದು. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಲೂ ಬರುವುದಿಲ್ಲ ಆ ಮನುಷ್ಯನಿಗೆ.

ಮಾಲತೇಶನ ಅಂಗಡಿ ಇರುವುದು ವಿನೋಬನಗರದ ಒಳರಸ್ತೆಯಲ್ಲಿ. ಆಟದ ಸಾಮಾನು, ಏರ್ ಗನ್ ಮಾರುತ್ತಾನೆ. ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಹೊಡೆದು ನೋಡಲು ಜಾಗವಿದೆ.

"ಬರ್ರಿ ಅತೀಕ್ ಭಾಯ್. ಅಕ್ಕಾರೆ, ಕೂಡ್ರಿ," ಎಂದ. ನಾನು ಕೂಡಲಿಲ್ಲ.

ಮೊದಲು ತೋರಿಸಿದ್ದು ಉಕ್ಕಿನ ಸೈಟ್. ಬೆಲೆ ಕೇಳಿ, "ಅಷ್ಟಕ್ಕೆ ಒಂದು ಮಿಕ್ಸಿ ಬರ್ತದೆ," ಎಂದೆ. ಅದು ವಾಪಸ್ ಡಬ್ಬಿ ಸೇರಿತು. ಆಮೇಲೆ ಒಂದು ಪ್ಲಾಸ್ಟಿಕ್‌ನದು. ಅತೀಕ್ ಅದರ ಸ್ಕ್ರೂವನ್ನು ಉಗುರಿನಿಂದ ತಿರುಗಿಸಿ, "ಸಡಿಲ ಐತೆ, ನಾಕು ಗುಂಡು ಹೊಡೆದ್ರೆ ಜಾರ್ತದೆ," ಎಂದು ಪಕ್ಕಕ್ಕಿಟ್ಟರು. ಮಾಲತೇಶ ಆಗ ಗಾಜು ಕೂರಿಸಿದ ಸಣ್ಣ ಕೊಳವೆಯೊಂದನ್ನು ತೆಗೆದ.

"ಇದು ರೆಡ್ ಡಾಟ್. ಮುಂದಿನ ಕಡ್ಡೀನ ಹಿಂದಿನ ಸಂದಿನಾಗೆ ಹೊಂದಿಸೋ ತಾಪತ್ರಯ ಇಲ್ಲ. ಸೆಲ್ಲು ಹಾಕಿದ್ರೆ ಗಾಜಿನಾಗೆ ಕೆಂಪು ಚುಕ್ಕೆ ಕಾಣ್ತದೆ, ಅದನ್ನ ಗುರಿ ಮ್ಯಾಲೆ ಇಟ್ರಾತು. ಸ್ಪರ್ಧೆಯಾಗೆ ಬಿಡಲ್ಲ, ಮಾಳಿಗೆ ಮ್ಯಾಲೆ ಹೊಡಿಯೋರಿಗೆ ಏನಂತೆ? ರೇಟೂ ಕಮ್ಮಿ. ವಯಸ್ಸಾದ ಕಣ್ಣಿಗೆ ಇದೇ ವಾಸಿ."

ಕಣ್ಣು ಅಂದಿದ್ದೇ ತಡ, ಅತೀಕರ ಮುಖ ಅರಳಿತು. ಕಣ್ಣಿನ ದೋಷವಾದರೆ ಕನ್ನಡಕ ಹಾಕಿಕೊಂಡರಾಯಿತು. ನನಗೂ ಹೋದ ಜೀವ ಬಂದ ಹಾಗಾಯಿತು.

ಮಾಲತೇಶ ಅದನ್ನು ಪಿಸ್ತೂಲಿನ ಮೇಲೆ ಬಿಗಿದ. ಶೆಡ್ಡಿನಲ್ಲಿ ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದು, ತಿರುಪಿ, ಮತ್ತೆ ಹೊಡೆದು, ಗುಂಡು ನಟ್ಟನಡುವೆ ಬೀಳುವ ತನಕ ಹೊಂದಿಸಿದ. ಹೊಸ ಕಾಗದ ಹಾಕಿ ಅತೀಕರ ಕೈಗೆ ಕೊಟ್ಟ.

ಅವರು ತೋಳು ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು.

"ಚುಕ್ಕೆ ನಿಲ್ತಾ ಇಲ್ಲಲ್ಲ. ಕುಣೀತೈತೆ."

ಹೊಡೆದವೆಲ್ಲ ಕಾಗದದ ಬಿಳಿಯಲ್ಲಿ ದಿಕ್ಕಾಪಾಲಾಗಿ ಬಿದ್ದವು. ಮಾಲತೇಶ ಪಿಸ್ತೂಲು ತೆಗೆದುಕೊಂಡು ತಾನೂ ಒಮ್ಮೆ ಗಾಜಿನೊಳಗೆ ನೋಡಿದ. ಏನೋ ಹೇಳಲು ಹೋದವನು ನನ್ನ ಮುಖ ನೋಡಿ, ಇನ್ನೊಂದು ಗುಂಡು ತುಂಬಿ ಪಿಸ್ತೂಲನ್ನು ಅತೀಕರಿಗೇ ವಾಪಸ್ ಕೊಟ್ಟ. ಹೊಸ ಕಾಗದ ಹಾಕುವ ನೆಪದಲ್ಲಿ ನಮಗೆ ಬೆನ್ನು ತಿರುಗಿಸಿ ನಿಂತ.

"ಅಗ್ಗದ ಮಾಲು, ಸೆಲ್ಲು ವೀಕ್ ಇರ್ಬೇಕು," ಎಂದರು ಅತೀಕ್. ಹೌದು ಅನ್ನಿ ಎಂದು ಬೇಡಿಕೊಳ್ಳುವ ದನಿ ಅದು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಕೇಳಿಸಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಕೊಡ್ರಿ ಇಲ್ಲಿ, ನಾನು ನೋಡ್ತೀನಿ," ಎಂದೆ.

ಏನು ಹೇಳಬೇಕೆಂದು ಆಗಲೇ ನಿರ್ಧರಿಸಿದ್ದೆ. ಡಾಕ್ಟರು, ಡಾಕ್ಟರು ಎಂದು ಇಷ್ಟು ದಿನ ಅವರ ಪ್ರಾಣ ತಿಂದವಳು ನಾನೇ. ಈಗ ಇನ್ನೊಂದು ವಾರವಾದರೂ ನೆಮ್ಮದಿಯಾಗಿರಲಿ ಅನ್ನಿಸಿತ್ತು. ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿದೆ. ಚುಕ್ಕೆ ಕಪ್ಪಿನ ನಡುವೆ ಹೋಗಿ ನಿಂತಿತು. ಒಂದಿಷ್ಟೂ ಅಲುಗಲಿಲ್ಲ. ಮದುವೆಮನೆಗಳಲ್ಲಿ ಮೆಹಂದಿ ಹಾಕಿ ಹಾಕಿ ಪಳಗಿದ ಕೈ, ಹಾಳಾದ್ದು, ನಿಂತಲ್ಲೇ ನಿಂತಿತು.

"ಹೂಂ ರೀ, ನನಗೂ ಕುಣೀತೈತೆ."

ಅಷ್ಟಕ್ಕೆ ಕೆಳಗಿಳಿಸಬೇಕಿತ್ತು. ಆದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬೆರಳಿಗೆ ಪಿಸ್ತೂಲಿನ ಕುದುರೆ ಸಿಕ್ಕಿತ್ತು, ಒತ್ತಿಬಿಟ್ಟೆ.

ಕಾಗದವನ್ನು ಹತ್ತಿರ ತರುವ ಹಗ್ಗವನ್ನು ಮಾಲತೇಶ ಮುಟ್ಟಲಿಲ್ಲ. ಅತೀಕರೇ ಎಳೆದರು. ಕಪ್ಪಿನ ನಟ್ಟನಡುವೆ ಒಂದೇ ತೂತು, ದಬ್ಬಣದಲ್ಲಿ ಚುಚ್ಚಿದಂತೆ. ಅವರು ಅದನ್ನೇ ನೋಡುತ್ತ ನಿಂತರು. ನಾನು ಪಿಸ್ತೂಲನ್ನು ಎಲ್ಲಿಡಲಿ ಎಂದು ತಿಳಿಯದೆ ಆ ಮೇಜಿಗೂ ಈ ಮೇಜಿಗೂ ಓಡಾಡಿದೆ.

"ಕುಣಿಯೋ ಚುಕ್ಕೆ ಇಟ್ಕೊಂಡು ಇಲ್ಲಿಗೆ ಹೊಡಿಯಾಕಾಗಲ್ಲ ನುಜತ್," ಎಂದರು ಮೆಲ್ಲಗೆ. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಎದುರಾಡಿಯಾದರೂ ಹಗುರಾಗುತ್ತಿದ್ದೆ. ಮಾಲತೇಶನ ಕಡೆ ತಿರುಗಿ, "ಸೈಟ್ ಚೆನ್ನಾಗೈತೆ ತಮ್ಮಾ. ನನಗೆ ಬ್ಯಾಡ, ಬಿಚ್ಚಿಬಿಡು," ಎಂದರು.

ರಸ್ತೆಗೆ ಬಂದೆವು. ನಾನು ಕೈ ಮಾಡಿದ ಆಟೋಗಳೆಲ್ಲ ತುಂಬಿಕೊಂಡೇ ಹೋಗುತ್ತಿದ್ದವು. ಅತೀಕ್ ಫುಟ್‌ಪಾತಿನ ಮೇಲೆ ನಿಂತು ಕೇಳಿದರು.

"ನೀನು ಹೇಳ್ತಿದ್ದ ಡಾಕ್ಟ್ರು ಇವತ್ತು ಸಿಗ್ತಾರಾ?"

ಇದೊಂದು ಮಾತು ಅವರ ಬಾಯಿಂದ ಬರಲಿ ಎಂದು ತಿಂಗಳುಗಟ್ಟಲೆ ಕಾದಿದ್ದೆ. ಈಗ ಬಂತು. ಆ ಡಾಕ್ಟರು ರಜೆಯಲ್ಲಿರಲಿ, ಊರಲ್ಲೇ ಇಲ್ಲದಿರಲಿ, ಬಾಗಿಲಿಗೆ ಬೀಗ ಬಿದ್ದಿರಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು.

"ಸಿಗ್ತಾರೆ," ಎಂದೆ.