ನೀಲಿ ಹೂವಿನ ಪಾತಿ

ಎದುರಂಗಡಿಯ ಕ್ಷೌರಿಕ ಗೆಳೆಯನ ಗಲ್ಲವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕೊನೆಯ ಸಲ ಕತ್ತಿ ಆಡಿಸುತ್ತಿದ್ದ. ಸತ್ತವನೂ ಕ್ಷೌರಿಕನೇ. ಮೂವತ್ತು ವರ್ಷ ಬೀದಿಯ ಆಚೆ ಈಚೆ ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡವರು. ತಂತಮ್ಮ ಗಡ್ಡವನ್ನು ಮಾತ್ರ ಪರಸ್ಪರರಿಗಲ್ಲದೆ ಮೂರನೆಯವರಿಗೆ ಒಪ್ಪಿಸಿದವರಲ್ಲ.

"ನನ್ನ ಕೈಗೆ ಸಿಕ್ಕಾಗ ಒಂದಿನಾನೂ ಬಾಯಿ ಮುಚ್ಕೊಂಡು ಕೂತೋನಲ್ಲ," ಎಂದ. ನಗಲು ಹೋದ, ಆಗಲಿಲ್ಲ.

ಸತ್ತವನ ಮಗಳು ನೀರಿನ ಬಟ್ಟಲು ಹಿಡಿದು ನಿಂತಿದ್ದಳು. ಅವನು ಕತ್ತಿ ಒರೆಸುತ್ತ ಕಿಟಕಿಯ ಗಾಜಿನಾಚೆ ನೋಡಿದ. ಹಿತ್ತಲಿನ ಪಾತಿಯಲ್ಲಿ ಕಾರ್ನ್‌ಫ್ಲವರ್ ಗಿಡಗಳು ಮೈತುಂಬ ನೀಲಿ ಹೂ ಬಿಟ್ಟಿದ್ದವು.

"ಗಿಡ ಚೆನ್ನಾಗಿ ನೋಡ್ಕೊಂಡಿದ್ದೀಯಮ್ಮ. ಬಾಡಿದ್ದು ಒಂದೂ ಇಲ್ಲ."

"ನಾನಾ? ನೀವು ಶೇವ್ ಮಾಡೋಕೆ ಬಂದಾಗ ಕತ್ತರಿಸ್ತಿದ್ರಿ ಅಂದ್ಕೊಂಡಿದ್ದೆ, ಮಾಮ."

"ನಾನು ಬರ್ತಿದ್ದಿದ್ದು ವಾರಕ್ಕೊಂದ್ಸಲ. ಹಿತ್ತಲಿಗೆ ಕಾಲೇ ಇಟ್ಟಿಲ್ಲ."

ಬಾಡಿದ್ದನ್ನು ದಿನಾ ಕತ್ತರಿಸದಿದ್ದರೆ ಆ ಗಿಡ ಬೀಜ ಕಟ್ಟಿ ಹೂ ನಿಲ್ಲಿಸಿಬಿಡುತ್ತದೆ. ಅಪ್ಪ ಹಾಸಿಗೆ ಹಿಡಿದು ಆರು ವಾರವಾಗಿತ್ತು. ಹಿತ್ತಲಿಗೆ ಮನೆಯೊಳಗಿಂದಲ್ಲದೆ ಬೇರೆ ದಾರಿಯಿರಲಿಲ್ಲ.

*

ಪಾತಿ ಅಮ್ಮನದು. ಕಣ್ಣಿಗೆ ಪೊರೆ ಬಂದ ಮೇಲೂ ಅಪ್ಪನ ಹಳೆಯ ಕತ್ತರಿ ಹಿಡಿದು ಸಂಜೆ ಅಲ್ಲಿ ಕೂರುತ್ತಿದ್ದಳು. ಹೂವೊಂದನ್ನು ಬೆರಳಲ್ಲಿ ಬಾಗಿಸಿ ಕಾಯುವಳು. ಅಪ್ಪ ಕಿಟಕಿಯಿಂದ, "ಅದಲ್ಲ ಕಣೇ, ಪಕ್ಕದ್ದು," ಎನ್ನುವನು. ಕಚಕ್. ಅವಳು ತೀರಿಹೋದ ಮೇಲೆ ನಾಲ್ಕು ವರ್ಷ ಅಪ್ಪನೇ ಕತ್ತರಿಸಿದ, ತುಟಿ ಪಿಟಕ್ಕೆನ್ನದೆ.

ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ ಮಂಚವನ್ನು ಕಿಟಕಿಯ ಬಳಿಗೆ ಎಳೆಸಿಕೊಂಡ. ಸಂಜೆಯಾದರೆ ತೊದಲು ನಾಲಿಗೆಯಲ್ಲಿ ಅದೇ ಮಾತು: "ಅದಲ್ಲ ಕಣೇ... ಪಕ್ಕದ್ದು." ಆಮೇಲೆ ಮುಖದಲ್ಲಿ ಏನೋ ನೆಮ್ಮದಿ.

ನಿನ್ನೆ ಮಗಳಿಗೆ ತಡೆಯಲಾಗಲಿಲ್ಲ. "ಅಲ್ಲಿ ಯಾರೂ ಇಲ್ಲ! ಸುಮ್ನೆ ಮಲಗಪ್ಪ," ಎಂದು ಗದರಿ ಕಿಟಕಿ ಮುಚ್ಚಿದಳು. ಅಪ್ಪ ಗಾಜನ್ನೇ ನೋಡುತ್ತ ಮಲಗಿದ. ಬೆಳಿಗ್ಗೆಯೂ ಹಾಗೆಯೇ ನೋಡುತ್ತಿದ್ದ, ಮೈ ಮಾತ್ರ ತಣ್ಣಗಿತ್ತು.

*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ಹೊರಟರು. ಮಾಮ ಬಾಗಿಲಲ್ಲೇ ತಡೆದು ನಿಂತ.

"ನಮ್ಮನೇಗೆ ಬಂದ್ಬಿಡು. ಇವತ್ತೊಂದಿನ ಒಬ್ಬಳೇ ಇರಬೇಡ."

"ಒಂಚೂರು ಬಿಟ್ಟು ಬರ್ತೀನಿ."

ಸಂಜೆಯ ಬಿಸಿಲು ಗೋಡೆ ಹತ್ತಿತ್ತು. ಅವಳು ಮಂಚದ ಅಂಚಿಗೆ ಕೂತು ಕಿಟಕಿ ತೆರೆದಳು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಬೆಳಗಿನಿಂದ ಒಂದೆರಡು ಹೂ ಬಾಡಿ ಬಿಳಿಚಿಕೊಂಡಿದ್ದವು. ಅವುಗಳ ಮಗ್ಗುಲಲ್ಲಿ, ಆಗತಾನೆ ಅರಳಿದ ಹೂವೊಂದು ಮೆಲ್ಲನೆ ಬಾಗಿತು. ಮತ್ತೆ ಮೇಲೇಳಲಿಲ್ಲ.

ಅವಳು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದಳು. ಹೂ ಬಾಗಿಯೇ ಇತ್ತು.

"ಅಮ್ಮ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. "ಅದು ಇವತ್ತು ಅರಳಿದ್ದು."

ಕಾಂಡ ನಿಧಾನವಾಗಿ ನೆಟ್ಟಗಾಯಿತು. ಪಕ್ಕದ ಬಿಳಿಚಿದ ಹೂ ಮಣ್ಣಿಗೆ ಬಿತ್ತು.