ಕುಡುಗೋಲು ಅಲ್ಲೇ ಇರಲಿ

೧

ಎಲ್ಲಿಂದ ಶುರು ಮಾಡಲಿ? ಕುಡುಗೋಲಿನಿಂದ ಶುರು ಮಾಡಿದರೆ ನೀವು ನೆಟ್ಟಗೆ ಕೂರುತ್ತೀರಿ. ಅದು ಬಾಣಂತಿಯ ದಿಂಬಿನ ಕೆಳಗಿದೆ, ಪಕ್ಕದಲ್ಲೇ ಹಸುಗೂಸು ಮಲಗಿದೆ ಎಂದರೆ ಕೈಯಲ್ಲಿರುವ ಚಹಾ ಮರೆತು ಓದುತ್ತೀರಿ. ಕಥೆಯಲ್ಲಿ ಹರಿತವಾದದ್ದೊಂದು ಬಂದರೆ ಕೊನೆಗೆ ರಕ್ತ ಬರಲೇಬೇಕು ಎಂದು ನಿಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಆ ಮಹಾನುಭಾವರು ಸಿಕ್ಕರೆ ಅವರ ಹತ್ತಿರ ನಾಲ್ಕು ಮಾತು ಆಡುವುದಿದೆ.

(ಸಿಟ್ಟಿನಲ್ಲಿದ್ದೇನೆ. ಸದಾಶಿವ ಪೇಠದ ನನ್ನ ಮನೆಯ ಕೆಳಗೆ ಕೋಚಿಂಗ್ ಕ್ಲಾಸಿನವರು ಮೈಕ್ ಹಾಕಿದ್ದಾರೆ. ಆದರೆ ಸಿಟ್ಟಿಗೆ ಕಾರಣ ಅದಲ್ಲ.)

೨

ಸರಿ, ಕ್ರಮವಾಗಿಯೇ ಹೇಳುತ್ತೇನೆ. ಆರತಿ ಸೇಡಂ ಕಡೆಯವಳು. ಗಂಡ ದೇವಾನಂದನಿಗೆ ಮರಾಠಿ ಸೀಮೆಯ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ. ಅಲ್ಲೇ ತಗಡಿನ ಸೂರಿನ ಒಂದು ಬಾಡಿಗೆ ಖೋಲಿ. ತಾಯಿಯಿಲ್ಲದ ಸೊಸೆಯ ಬಾಣಂತನಕ್ಕೆ ಅತ್ತೆ ಸಾಬವ್ವ ಊರಿಂದ ಬಂದಳು. ಬರುವಾಗ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕುಡುಗೋಲು ತಂದಳು. ಬಾಣಂತಿಯ ತಲೆದೆಸೆಗೆ ಕಬ್ಬಿಣವಿದ್ದರೆ ದೆವ್ವ, ಗಾಳಿ ಹತ್ತಿರ ಸುಳಿಯುವುದಿಲ್ಲ. ಅವರ ಮನೆಯ ಕೂಸುಗಳೆಲ್ಲ ಇದೇ ಕುಡುಗೋಲಿನ ಪಕ್ಕದಲ್ಲಿ ಬೆಳೆದವರು.

೩

ಆರತಿಗೆ ಅಂಜಿಕೆ ಮಾತ್ರ ಬಸುರಿಯಿದ್ದಾಗಲೇ ಶುರುವಾಗಿತ್ತು. ಕೈ ತೊಳೆದದ್ದು ಸಾಲದೆನಿಸಿ ಮತ್ತೆ ತೊಳೆಯುತ್ತಿದ್ದಳು, ಚರ್ಮ ಸುಲಿಯುವವರೆಗೆ. "ಕೂಸಿಗಿ ಏನೂ ಆಗಂಗಿಲ್ಲ ಅಲ್ರೀ?" ಎಂದು ಗಂಡನನ್ನು ಕೇಳುವುದು, ಅವನು ಇಲ್ಲ ಎನ್ನುವುದು, ಅವನ ಚಹಾ ಆರುವಷ್ಟರಲ್ಲಿ ಮತ್ತೆ ಕೇಳುವುದು. ದವಾಖಾನೆಯ ನರ್ಸ್‌ಬಾಯಿ, "ಪಹಿಲಂಚ್ ಬಾಳ್ ನಾ? ಹೋತಂ ಅಸಂ," ಎಂದು ನಕ್ಕಳು. ಮೊದಲ ಮಗು ಅಲ್ಲವೇ, ಹೀಗೆ ಆಗುತ್ತದಂತೆ. ಆಗುತ್ತದೆ ಎಂದುಬಿಟ್ಟರೆ ಔಷಧ ಕೊಟ್ಟಂತಾಯಿತೇ?

ಇದಕ್ಕೆ ಓಸಿಡಿ ಎನ್ನುತ್ತಾರೆ, ಬೇಡದ ಯೋಚನೆ ಬಿಡದೆ ಕಾಡುವ ಕಾಯಿಲೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಗೆಳತಿಯೊಬ್ಬಳು, "ನಂಗೂ ತುಂಬಾ ಓಸಿಡಿ ಕಣೇ, ಕುಶನ್ ಸ್ಟ್ರೇಟ್ ಆಗಿಲ್ದಿದ್ರೆ ಇರಿಟೇಟ್ ಆಗತ್ತೆ," ಎನ್ನುತ್ತಾಳೆ. ಅವಳ ಕುಶನ್ನುಗಳಿಗೆ ಬೆಂಕಿ ಬೀಳಲಿ.

೪

ಹೆರಿಗೆಯಾಯಿತು. ಹೆಣ್ಣುಕೂಸು. ಒಂದು ಮಧ್ಯಾಹ್ನ ಹಾಲೂಡಿಸುವಾಗ ದಿಂಬು ಸರಿದು ಕುಡುಗೋಲಿನ ತುದಿ ಕಾಣಿಸಿತು. ನನ್ನ ಕೈಯೇ ಇದನ್ನು ಎತ್ತಿಕೊಂಡುಬಿಟ್ಟರೆ? ಆರತಿಗೆ ಯೋಚನೆ ಬಂತು. ಬಂದದ್ದು ಹೋಗಲೇ ಇಲ್ಲ. ಅವಳು ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಸಾಬವ್ವ ಹುಡುಕಿ ತಂದು ದಿಂಬಿನ ಕೆಳಗಿಟ್ಟಳು. ಇವಳು ಮತ್ತೆ ಬಚ್ಚಿಟ್ಟಳು, ಅವಳು ಮತ್ತೆ ತಂದಿಟ್ಟಳು. ಕಬ್ಬಿಣ ಕಂಡರೆ ನಡುಗುತ್ತಾಳೆ, ಹೆತ್ತ ಕೂಸನ್ನು ಮುಟ್ಟಲು ಹಿಂಜರಿಯುತ್ತಾಳೆ. ಅತ್ತೆಗೆ ಲೆಕ್ಕ ಸರಿಹೋಯಿತು. ಕಬ್ಬಿಣಕ್ಕೆ ಅಂಜುವುದು ಮನುಷ್ಯರಂತೂ ಅಲ್ಲ.

"ಇಕಿ ನಮ್ಮ ಆರತಿ ಅಲ್ಲೋ ದೇವ್ಯಾ, ಗಾಳಿ ಬಡದದ," ಎಂದು ಮಗನಿಗೆ ಹೇಳಿದಳು. ಈಳಿಗೆ, ಚಾಕು, ಇಕ್ಕಳ, ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ತಂದು ಸೊಸೆಯ ಹಾಸಿಗೆಯ ಸುತ್ತ ಇಟ್ಟಳು.

೫ (ಹರಿದು ಹಾಕಿದ್ದು)

ಇಲ್ಲಿ ಸಾಬವ್ವನನ್ನು ರಾಕ್ಷಸಿ ಮಾಡಿ ಒಂದು ಪುಟ ಬರೆದಿದ್ದೆ. ಚೆನ್ನಾಗಿಯೇ ಇತ್ತು. ಆರತಿ ಅಡ್ಡ ಬಂದಳು.

"ನಮ್ಮತ್ತಿಗಿ ಯಾಕ ಹಂಗ ಬರದೀರಿ? ದಿನಾ ಎಣ್ಣಿ ತಿಕ್ಕಿ ನನಗ ಎರಿಯಾಕಿ ಆಕಿ. ನಾ ಉಳೀಲಿ ಅಂತೇ ಅದನ್ನ ಇಡ್ತಾಳ."

"ಹಾಗಾದರೆ ತಪ್ಪು ಯಾರದು?"

"ತಪ್ಪ ಹುಡುಕದು ನಿಮ್ಮ ಕೆಲಸ. ನನಗ ನನ್ನ ಕೂಸು ಬೇಕ್ರಿ."

ಆಗ ಇನ್ನೊಂದು ಬರೆದೆ. ಸಾಬವ್ವನಿಗೂ ಹಿಂದೆ ಇದೇ ಕಾಯಿಲೆಯಿತ್ತು, ದೇವಾನಂದ ಕೂಸಾಗಿದ್ದಾಗ ಅವನನ್ನೆತ್ತಿಕೊಂಡು ಬಾವಿಯ ಕಡೆ ಹೋಗುತ್ತಿರಲಿಲ್ಲ ಎಂದು. ಅತ್ತೆ ಸೊಸೆ ತಬ್ಬಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು.

"ಆಕಿಗಿ ಹಂಗೇನೂ ಆಗಿದ್ದಿಲ್ಲ," ಎಂದಳು ಆರತಿ. "ನಿಮ್ಮ ಕತಿಗಿ ಅನುಕೂಲ ಆಗ್ತದಂತ ಇದ್ದಬದ್ದವರಿಗೆಲ್ಲ ರೋಗ ಹಚ್ಚಬ್ಯಾಡ್ರಿ."

ಅದನ್ನೂ ಹರಿದೆ.

೬

ಕೊನೆಗೊಂದು ದಿನ ಗಂಡನಿಗೆ ಹೇಳಿಯೇಬಿಟ್ಟಳು. "ನನಗ ಭಾಳ ಕೆಟ್ಟ ವಿಚಾರ ಬರ್ತಾವ್ರಿ. ಕೂಸಿಗಿ ನಾನೇ ಏನರೆ ಮಾಡಿಬಿಟ್ರ ಅಂತ."

ದೇವಾನಂದ ಒಳ್ಳೆಯವನು. ಬೈಯಲಿಲ್ಲ, ಕೈ ಎತ್ತಲಿಲ್ಲ. ಬಗ್ಗಿ ಕೂಸನ್ನೆತ್ತಿ ತನ್ನ ತಾಯಿಯ ಮಡಿಲಿಗೆ ಹಾಕಿದ. ಅಂದಿನಿಂದ ಹಾಲಿನ ಹೊತ್ತಿಗೆ ಮಾತ್ರ ಕೂಸು ಆರತಿಯ ಬಳಿ ಬರುತ್ತಿತ್ತು. ಸಾಬವ್ವ ಎದುರಿಗೆ ಕೂತು ಸೊಸೆಯ ಕೈಗಳನ್ನೇ ನೋಡುತ್ತಿದ್ದಳು. ಕುಡಿದು ಮುಗಿದೊಡನೆ ಒಯ್ಯುತ್ತಿದ್ದಳು.

ನನ್ನ ಸಿಟ್ಟು ಇದಕ್ಕೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಹೇಳಿಕೋ, ಹಗುರಾಗುತ್ತದೆ ಎಂದು ಊರೆಲ್ಲ ಹೇಳುತ್ತದೆ. ಹೇಳಿಕೊಂಡ ದಿನ ಮಡಿಲಿನಿಂದ ಕೂಸನ್ನೇ ತೆಗೆದುಕೊಂಡು ಹೋಗುತ್ತದೆ. ಹಗುರಾಗುವುದು ಅಂದರೆ ಇದೇನಾ?

೭

ಕೊನೆ ಒಂದು: ನೀವು ಮೊದಲ ಸಾಲಿನಿಂದ ಕಾಯುತ್ತಿರುವುದು. ಬರೆಯುವುದಿಲ್ಲ. ಅವಳ ತಲೆಯೊಳಗೆ ಕೂತು ಕಾಡುವ ಯೋಚನೆಗೂ ನಿಮಗೂ ಏನು ವ್ಯತ್ಯಾಸ? ಅದೂ ಇದನ್ನೇ ಕಾಯುತ್ತಿದೆ.

ಕೊನೆ ಎರಡು: ಮಾತ್ರೆ ನುಂಗಿದಳು, ನಕ್ಕಳು, ತೊಟ್ಟಿಲು ತೂಗಿದಳು. (ಇದು ಕಥೆಯಲ್ಲ, ಆಸ್ಪತ್ರೆಯ ಗೋಡೆಯ ಪೋಸ್ಟರ್.)

ಮೂರನೆಯದಕ್ಕೆ ಬರುವಷ್ಟರಲ್ಲಿ ಆರತಿ ಚಪ್ಪಲಿ ಮೆಟ್ಟಿದ್ದಳು. "ನೀವು ಬರಕೋತ ಕೂಡ್ರಿ. ನಾ ದೊಡ್ಡ ದವಾಖಾನಿಗಿ ಹೊಂಟೀನಿ."

೮

ಹೋದೆವು. ಗಂಡ, ಅತ್ತೆ, ಕೂಸು, ಹಿಂದೆ ನಾನು. ಆರತಿಯ ಮರಾಠಿ ಇಂಥ ವಿಷಯಕ್ಕೆ ಸಾಲಲಿಲ್ಲ. ಅವಳು ಕನ್ನಡದಲ್ಲಿ ಹೇಳಿದಳು, ನಾನು ಮರಾಠಿ ಮಾಡಿದೆ. (ಈ ಕಥೆಯಲ್ಲಿ ನನ್ನಿಂದಾದ ಉಪಕಾರ ಇದೊಂದೇ.) ಡಾಕ್ಟರಮ್ಮ ಬೆಚ್ಚಲಿಲ್ಲ. ತುಂಬ ಹೊತ್ತು ಏನೇನೋ ಕೇಳಿ, ಆಮೇಲೆ ಹೇಳಿದರು: ಈ ಯೋಚನೆಗೆ ನೀನು ಇಷ್ಟು ಹೆದರುತ್ತೀಯಲ್ಲ, ಅದು ನಿನ್ನ ಆಸೆಯಲ್ಲ ಎನ್ನುವುದಕ್ಕೆ ಅದೇ ಗುರುತು. ಇದು ಕಾಯಿಲೆ. ನೀನು ನಿನ್ನ ಕೂಸಿಗೆ ಏನೂ ಮಾಡುವುದಿಲ್ಲ.

"ಅಂದ್ರ ನಾ ಹುಚ್ಚಿ ಅಲ್ಲೇನ್ರಿ?" ಎಂದಳು ಆರತಿ. ಇದನ್ನೂ ಮರಾಠಿ ಮಾಡಿದೆ.

ಮಾತ್ರೆ ಬರೆದುಕೊಟ್ಟರು, ತಪ್ಪದೆ ಬರಲು ಹೇಳಿದರು. ದೇವಾನಂದನಿಗೆ ಬೇರೆಯಾಗಿ ಹೇಳಿದರು: ಕೂಸನ್ನು ಅವಳ ಕೈಗೆ ಕೊಡಿ. ಏನೂ ಆಗಲ್ಲ ತಾನೆ ಎಂದು ಅವಳು ಕೇಳಿದರೆ ಒಂದು ಸಲ ಹೇಳಿ, ಎರಡನೇ ಸಲ ಹೇಳಬೇಡಿ. ಎಷ್ಟು ಉತ್ತರ ಕೊಟ್ಟರೂ ಈ ಕಾಯಿಲೆಯ ಹೊಟ್ಟೆ ತುಂಬುವುದಿಲ್ಲ.

೯

ಕೆಲವು ವಾರಗಳು ಕಳೆದವು. ಆಸ್ಪತ್ರೆಗೆ ಹೋಗಿಬರುವುದು ನಡೆದೇ ಇತ್ತು. ಒಂದು ಬೆಳಿಗ್ಗೆ ಸಾಬವ್ವ ಕುಡುಗೋಲನ್ನು ಸೀರೆಯ ತುಂಡಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಹೊರಟಳು. "ಹಾಳಾದ್ದು, ನಾನೇ ತಂದೀನಿ ಇದನ್ನ," ಎಂದು ಗೊಣಗಿದಳು.

"ಇರ್ಲಿ ಬಿಡ್ರಿ ಅತ್ತಿ. ಗೂಡಿನ್ಯಾಗ ಇಡ್ರಿ," ಎಂದಳು ಆರತಿ. ಗಂಡನ ಕಡೆ ಕೈ ಚಾಚಿದಳು. "ಕೂಸಿನ ಕೊಡ್ರಿ ಇಲ್ಲಿ."

ದೇವಾನಂದ ಕೊಟ್ಟ. ಕೊಟ್ಟವನು ಅಲ್ಲೇ ನಿಂತ.

"ಎಲ್ಲಾರೂ ಹೊರಗ ನಡೀರಿ."

ಅತ್ತೆ ಹೋದಳು. ಗಂಡ ಎರಡು ಸಲ ತಿರುಗಿ ನೋಡಿ ಹೋದ. ಆರತಿ ನನ್ನ ಕಡೆ ತಿರುಗಿದಳು. "ನೀವೂ ನಡೀರಿ. ಬರಿಯಾಕಿಗಿ ಬ್ಯಾರೆ ಹೇಳಬೇಕೇನು?"

ಹೊರಗೆ ಬಂದೆ. ಬಾಗಿಲು ಮುಚ್ಚಿತು. ಕಿವಿಯಿಟ್ಟಿದ್ದರೆ ಏನಾದರೂ ಕೇಳಿಸುತ್ತಿತ್ತು. ಇಡಲಿಲ್ಲ.

(ಏನೂ ಆಗಲಿಲ್ಲ ತಾನೆ, ಎಂದು ನೀವು ಕೇಳುತ್ತಿದ್ದೀರಿ. ಡಾಕ್ಟರಮ್ಮನ ಮಾತು ಮೇಲಿದೆ. ಒಂದು ಸಲ ಹೇಳಿಯಾಗಿದೆ. ಎರಡನೇ ಸಲ ಹೇಳುವುದಿಲ್ಲ.)